ಕೆರೆಯ ತಳದಿಂದ ಗುಳ್ಳೆ ಏಳುವುದೇಕೆ?

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಆಗತಾನೇ ಎದ್ದು ನಿಂತಿದ್ದವು. ಹಕ್ಕಿಗಳೆಲ್ಲ ಬರೀ ಬಿಳಿ. ಆಗ ಒಂದು ಕೆರೆಯ ದಂಡೆಯಲ್ಲಿ ಬಣ್ಣ ಹಾಕುವ ಕೆಂಚವ್ವ ಇದ್ದಳು.

ಗಿಳಿ ಬಂದು ಹಸಿರು ಕೇಳಿತು, ಕೊಟ್ಟಳು. ಮಿಂಚುಳ್ಳಿ ಬಂದು ನೀಲಿ ಕೇಳಿತು, ಕೊಟ್ಟಳು. ನವಿಲಂತೂ "ಇನ್ನೊಂದು ಚೂರು ಹಾಕವ್ವ" ಎನ್ನುತ್ತಾ ಸಂಜೆಯವರೆಗೂ ಏಳಲೇ ಇಲ್ಲ. ಬಣ್ಣ ಬಿಡದಿರಲೆಂದು ಕೆಂಚವ್ವ ಹಂಡೆಗೆ ಘಾಟು ರಸಗಳನ್ನು ಬೆರೆಸುತ್ತಿದ್ದಳು. ಉಳಿದದ್ದನ್ನು ಕೆರೆಗೆ ಚೆಲ್ಲುತ್ತಿದ್ದಳು. ಅಷ್ಟು ದೊಡ್ಡ ಕೆರೆಗೆ ಇದು ಯಾವ ಲೆಕ್ಕ ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಕೆರೆ ಕಪ್ಪಗಿತ್ತು. ಮೀನುಗಳು ಬಾಯಿ ಮೇಲೆ ಮಾಡಿ ಏದುಸಿರು ಬಿಡುತ್ತಿದ್ದವು.

"ಎಲ್ಲರಿಗೂ ಬಣ್ಣ ಕೊಟ್ಟೆ. ನಮ್ಮ ಉಸಿರು ಕಿತ್ತುಕೊಂಡೆಯಲ್ಲ ತಾಯಿ" ಎಂದಿತು ಒಂದು ಮುದಿ ಮೀನು.

ಕೆಂಚವ್ವ ಓಡಿಹೋಗಿ ಬಣ್ಣದ ಹಂಡೆಗಳ ಒಲೆಗಳನ್ನೆಲ್ಲ ಆರಿಸಿದಳು.

"ಗಾಳಿಯಪ್ಪಾ, ಈ ಕಪ್ಪನ್ನು ಊದಿಬಿಡು."

"ಊದುತ್ತೇನವ್ವ. ಆದರೆ ಆಚೆ ಕೆರೆಗೆ ಹೋಗಿ ಬೀಳುತ್ತೆ."

"ಹೊಳೆಯವ್ವಾ, ನೀನಾದರೂ ಹೊತ್ತುಕೊಂಡು ಹೋಗು."

"ಹೊರುತ್ತೇನೆ ಮಗಳೇ. ಕೆಳಗಿನವರು ಏನು ಕುಡಿಯಬೇಕು?"

ಕೆಂಚವ್ವ ಕೆಸರಲ್ಲೇ ಕೂತು ಅತ್ತಳು. ಆಗ ಕಾಲಡಿಯಿಂದ ಸಣ್ಣ ದನಿಗಳು ಕೇಳಿಸಿದವು: "ನಾವು ತಿಂತೀವಿ!"

ಅವು ಕೆಸರಲ್ಲಿ ಬದುಕುವ, ಕಣ್ಣಿಗೆ ಕಾಣದ ಪುಟಾಣಿ ಜೀವಿಗಳು. ಅವನ್ನು ಯಾರೂ ಯಾವತ್ತೂ ಊಟಕ್ಕೆ ಕರೆದಿರಲಿಲ್ಲ.

"ಇದು ವಿಷ ಕಣ್ರೋ!"

"ಕಲಿತರೆ ನಮಗೆ ಊಟ. ಮುಗಿಯೋವರೆಗೂ ಮತ್ತೆ ಬಡಿಸಬೇಡ. ಆಗಾಗ ನೀರು ಕಲಕುತ್ತಿರು, ನಮಗೂ ಗಾಳಿ ಬೇಕು."

ಮೊದಲ ತುತ್ತಿಗೇ ಎಷ್ಟೋ ಪುಟಾಣಿಗಳು ಹೊಟ್ಟೆ ಹಿಡಿದುಕೊಂಡು ಉರುಳಿದವು. ಅವುಗಳಲ್ಲಿ ಒಂದು ಮಾತ್ರ ಹಟ ಬಿಡಲಿಲ್ಲ. ಕಚ್ಚಿತು, ಉಗುಳಿತು, ಮತ್ತೆ ಕಚ್ಚಿತು. "ಇಡಿಯಾಗಿ ನುಂಗಬೇಡ್ರೋ! ಮೊದಲು ಕಡಿದು ಚೂರು ಮಾಡಿ!" ಎಂದು ಕೂಗಿತು. ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ನಾಲ್ಕಾಯಿತು, ಕೆಸರು ತುಂಬ ಅವೇ ಆದವು.

ಕೆಂಚವ್ವ ಬಿದಿರ ಗಳ ಹಿಡಿದು ಕಲಕಿದಳು, ಕಲಕಿದಳು. ಕೊಕ್ಕರೆ ಬಂದು, "ನನಗೂ ಬಣ್ಣ ಹಾಕವ್ವ" ಎಂದಿತು.

"ಈಗಾಗಲ್ಲಪ್ಪ, ಊಟ ನಡೀತಿದೆ."

ಕೊಕ್ಕರೆ ಮುನಿಸಿಕೊಂಡು ಬೆಳ್ಳಗೇ ಹೊರಟುಹೋಯಿತು.

ಮಳೆಗಾಲದ ಹೊತ್ತಿಗೆ ನೀರು ತಿಳಿಯಾಯಿತು. ಮುದಿ ಮೀನು ಬಂದು ಕೆಂಚವ್ವನ ಪಾದಕ್ಕೆ ಕಚಗುಳಿ ಇಟ್ಟಿತು. ಅವಳು ನಗುತ್ತಲೇ ದಂಡೆಯಲ್ಲೊಂದು ಗುಂಡಿ ತೋಡಿ, ಕೆರೆಯ ಕೆಸರು ತುಂಬಿದಳು. ಮುಂದೆ ಹಂಡೆಯಲ್ಲಿ ಉಳಿದದ್ದನ್ನೆಲ್ಲ ಅಲ್ಲಿ ಪುಟಾಣಿಗಳಿಗೆ ಬಡಿಸಿ, ಅವು ಉಂಡ ಮೇಲೆಯೇ ನೀರನ್ನು ಕೆರೆಗೆ ಬಿಡುತ್ತಿದ್ದಳು.

ನೀರು ತಿಳಿಯಾದ ಆ ದಿನ ಹೊಟ್ಟೆ ತುಂಬಿದ ಪುಟಾಣಿಗಳು ಒಟ್ಟಿಗೆ ತೇಗಿದವು. ಇವತ್ತಿಗೂ ನೀವು ಕೆರೆ ದಂಡೆಯಲ್ಲಿ ಸುಮ್ಮನೆ ಕೂತರೆ ತಳದ ಕೆಸರಿನಿಂದ ಬುಳಕ್ ಎಂದು ಗುಳ್ಳೆ ಎದ್ದು ಬರುತ್ತದಲ್ಲ, ಅದು ಅವು ಉಂಡು ತೇಗಿದ್ದು.