ಎರಡನೆಯ ಡಬ್ಬ

"ಗುರುಗಳೇ, ನನ್ನ ಚಿತ್ರದ ಕೊನೆಯ ದೃಶ್ಯವನ್ನು ಎರಡು ಥರ ತೆಗೆದಿದ್ದೇನೆ. ರೀಲಿನ ಒಂದು ಡಬ್ಬದಲ್ಲಿ ನನಗೆ ಬೇಕಾದದ್ದು, ಇನ್ನೊಂದರಲ್ಲಿ ನಿರ್ಮಾಪಕರು ಒಪ್ಪುವಂಥದ್ದು. ಅವರ ಮುಂದೆ ಯಾವುದನ್ನು ಇಡಲಿ?" ಎಂದು ಶಿಷ್ಯ ಕೇಳಿದ.

"ಭಲೇ ಜಾಣ! ಬಂಡಾಯವೂ ಆಗಬೇಕು, ಬೈಗುಳವೂ ತಪ್ಪಬೇಕು. ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಕಾಲದಲ್ಲಿ ಅಮೆರಿಕದ ಸಿನಿಮಾ ಎಂದರೆ ಸ್ಟುಡಿಯೊ ಯಜಮಾನರದೇ ದರ್ಬಾರು. ಪ್ರತಿ ದೃಶ್ಯವನ್ನೂ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ತೆಗೆದು ಒಪ್ಪಿಸಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎನ್ನುವುದು ಎಡಿಟಿಂಗ್ ಕೋಣೆಯಲ್ಲಿ ಕೂತ ಯಜಮಾನನ ಇಷ್ಟ. ನಿರ್ದೇಶಕ ತುಟಿ ಪಿಟಕ್ಕೆನ್ನುವ ಹಾಗಿರಲಿಲ್ಲ.

ಅಂಥ ಒಬ್ಬ ಯಜಮಾನನ ಬಳಿ ಒಬ್ಬ ಎಳೆಯ ನಿರ್ದೇಶಕ ಸೇರಿದ. ಅವನ ಚಿತ್ರದ ಕೊನೆಯಲ್ಲಿ, ಮಗ ಯುದ್ಧದಲ್ಲಿ ಸತ್ತ ಸುದ್ದಿ ತಾಯಿಗೆ ಬರುತ್ತದೆ. ಅವಳು ತಟ್ಟೆ ತೊಳೆಯುತ್ತಲೇ ಇರುತ್ತಾಳೆ. ನಿರ್ದೇಶಕ ಅವಳನ್ನು ಬೆನ್ನ ಹಿಂದಿನಿಂದ ಮಾತ್ರ ತೆಗೆದ. ಮುಖದ ಕಡೆಗೆ ಕ್ಯಾಮೆರಾ ತಿರುಗಿಸಲೇ ಇಲ್ಲ. ಮರುದಿನ ಸೆಟ್ಟು ಕಳಚಿದರು.

ಯಜಮಾನ ಚಿತ್ರ ನೋಡಿ ಕೆಂಡವಾದ. "ಕಣ್ಣೀರು ಎಲ್ಲಯ್ಯಾ? ಜನ ಟಿಕೆಟ್ ಕೊಂಡು ಬರುವುದು ಬೆನ್ನು ನೋಡುವುದಕ್ಕಾ? ಮುಖ ತೆಗೆದದ್ದನ್ನು ತಾ, ಅದನ್ನೇ ಅಂಟಿಸೋಣ."

"ತೆಗೆದೇ ಇಲ್ಲ, ಸ್ವಾಮಿ."

ಮತ್ತೆ ತೆಗೆಯೋಣವೆಂದರೆ ಸೆಟ್ಟಿಲ್ಲ. ಥಿಯೇಟರುಗಳಿಗೆ ಮಾತು ಕೊಟ್ಟಾಗಿದೆ. ಯಜಮಾನ ಹಲ್ಲು ಕಚ್ಚಿ ಹೇಳಿದ: "ಚಿತ್ರ ಬಿದ್ದರೆ ಈ ಊರಿನಲ್ಲಿ ನೀನು ಮತ್ತೆ ಕ್ಯಾಮೆರಾ ಮುಟ್ಟಲಾರೆ."

ಮೊದಲ ಆಟದ ದಿನ ನಿರ್ದೇಶಕ ಬಾಗಿಲ ಬಳಿ ನಿಂತಿದ್ದ. ಪರದೆಯ ಮೇಲೆ ತಾಯಿಯ ಬೆನ್ನು ಬಂತು. ಯಾರೋ ಕೆಮ್ಮಿದರು. ಒಬ್ಬ ಎದ್ದು ನಿಂತ. ಮುಗಿಯಿತು ನನ್ನ ಕತೆ ಎಂದುಕೊಂಡ ನಿರ್ದೇಶಕ.

ಎದ್ದವನು ಹೊರಗೆ ಹೋಗಲಿಲ್ಲ. ಅವಳ ಮುಖ ಕಂಡೀತೇ ಎಂದು ಪಕ್ಕಕ್ಕೆ ಬಾಗಿದ. ಆಮೇಲೆ ಇಡೀ ಸಾಲು ಬಾಗಿತು. ಯಾರಿಗೂ ಕಾಣಲಿಲ್ಲ. ಒಬ್ಬ ಹೆಂಗಸು ಬಿಕ್ಕಿದಳು. ಹಿಂದೆ ಕೂತಿದ್ದ ಯಜಮಾನನೂ ಕತ್ತು ಚಾಚಿದ್ದ.

ಆ ನಿರ್ದೇಶಕನ ಓರಗೆಯವರಿಗೆ ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ತಮಗೆ ಕಂಡ ಹಾಗೆ ಒಂದೇ ಥರ ತೆಗೆಯತೊಡಗಿದರು. ಕತ್ತರಿ ಯಜಮಾನರ ಕೈ ಬಿಟ್ಟಿತು, ಅಲ್ಲಿನ ಸಿನಿಮಾವೇ ಬೇರೆಯಾಯಿತು.

ಶಿಷ್ಯನ ಕಣ್ಣು ಅರಳಿತ್ತು. "ಅಬ್ಬಾ, ಅಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತು, ಗುರುಗಳೇ?"

"ಧೈರ್ಯ ಎಲ್ಲಿತ್ತಪ್ಪಾ? ಅವನಿಗೂ ನಿನ್ನಷ್ಟೇ ಭಯವಿತ್ತು. ಎರಡನೆಯ ಡಬ್ಬ ಇರಲಿಲ್ಲ, ಅಷ್ಟೆ."