ದಾನಕ್ಕ ಆರಿಸಿದ ಟ್ಯಾಬ್

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿಯ ಗುರು ದಾನಕ್ಕ. ವಯಸ್ಸು ಎಂಬತ್ತೊಂದು. ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಬಂದವರು ಯಾರೆಂದು ಹೆಜ್ಜೆಯ ಸಪ್ಪಳದಿಂದ ಗುರುತಿಸುತ್ತಿದ್ದರು.

ಅವರ ಶಿಷ್ಯ ಗುರುಪಾದ. ಆಶ್ರಮಕ್ಕೆ ಬರುವ ಮೊದಲು ಹದಿನೈದು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ತಪ್ಪು ಹುಡುಕುವುದೇ ಅವನ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಆ ಕಣ್ಣು ಅವನನ್ನು ಬಿಟ್ಟಿರಲಿಲ್ಲ.

ದಾನಕ್ಕನ ಗುರು ಮರುಳಯ್ಯಜ್ಜ ತೀರಿಹೋಗಿ ನಲವತ್ತು ವರ್ಷ. ಅಜ್ಜ ದಿನಾಲೂ ಮಲಗುವ ಮುನ್ನ ಪೆನ್ಸಿಲ್ಲಿನಲ್ಲಿ ಏನೋ ಬರೆಯುತ್ತಿದ್ದರು. ಯಾರಿಗೂ ತೋರಿಸುತ್ತಿರಲಿಲ್ಲ. ಅವರು ಹೋದ ಮೇಲೆ ಆ ಹದಿನೇಳು ನೋಟುಬುಕ್ಕುಗಳನ್ನು ಅವರ ತಮ್ಮನ ಮನೆಯವರು ಒಯ್ದು ದೇವರ ಮುಂದೆ ಇಟ್ಟಿದ್ದರು. ದಾನಕ್ಕ ಎಷ್ಟು ಸಲ ಕೇಳಿ ಕಳಿಸಿದರೂ ಕೊಟ್ಟಿರಲಿಲ್ಲ.

ಈ ವರ್ಷ ಆ ಮನೆಯ ಮೊಮ್ಮಗಳು, ಪುಸ್ತಕ ಕೊಡುವುದಿಲ್ಲ, ಬೇಕಾದರೆ ಫೋಟೊ ತೆಗೆದುಕೊಂಡು ಹೋಗಿ ಎಂದಳು. ಗುರುಪಾದ ಹೋಗಿ ಮೂರು ದಿನ ಕುಳಿತು ಒಂಬೈನೂರು ಹಾಳೆಗಳ ಫೋಟೊ ತೆಗೆದ.

“ನೀ ಓದು, ನಾ ಕೇಳತೀನಿ,” ಎಂದರು ದಾನಕ್ಕ. “ದಿನಾ ನಾಕು ಗಂಟೆಗೆ, ಹೊಳಿ ಮೆಟ್ಟಿಲ ಮ್ಯಾಲೆ.”

ಫೋನಿನಲ್ಲಿ ಅಜ್ಜನ ಅಕ್ಷರ ಇರುವೆಯ ಸಾಲಿನಂತೆ ಕಾಣುತ್ತಿತ್ತು. ಹಿಗ್ಗಿಸಿದರೆ ಸಾಲು ತಪ್ಪುತ್ತಿತ್ತು. ಗುರುಪಾದ ಪಟ್ಟಣಕ್ಕೆ ಹೋಗಿ ಒಂದು ಹೊಸ ಟ್ಯಾಬ್ ತಂದ.

ಮೊದಲ ದಿನ ದಾನಕ್ಕ ಮಡಿಕೆ ಮುರಿಯದ ಸೀರೆ ಉಟ್ಟು, ನಾಲ್ಕಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಮೆಟ್ಟಿಲ ಮೇಲೆ ಬಂದು ಕುಳಿತರು.

ಗುರುಪಾದ ಟ್ಯಾಬ್ ತೆರೆದ. ಬಿಸಿಲಿಗೆ ಪರದೆಯಲ್ಲಿ ಅವನ ಮುಖವೇ ಕಂಡಿತು. ನೆರಳಿಗೆ ತಿರುಗಿಸಿದ. ಅಕ್ಷರ ಹೊಗೆಯೊಳಗಿನಿಂದ ನೋಡಿದಂತೆ ಮಸುಕಾಗಿತ್ತು. ಹಾಳೆ ಸರಿಸಿದರೆ ಅದು ಯೋಚನೆ ಮಾಡಿ ಸರಿಯುತ್ತಿತ್ತು.

“ಅಕ್ಕಾರ, ಇದು ಸರಿ ಇಲ್ಲ,” ಎಂದ.

“ಏನಾಗೇತಿ?”

ಅವನು ಒಂದೊಂದಾಗಿ ದೋಷ ಹೇಳಿದ. ದಾನಕ್ಕ ಪೂರ್ತಿ ಕೇಳಿದರು.

“ಒಂದು ಸಾಲೂ ಓದಾಕ ಬರೂದಿಲ್ಲೇನು?”

“ಒಂದು ಸಾಲು ಬರತೈತ್ರಿ. ಆದ್ರ...”

“ಹಂಗಾದ್ರ ಒಂದು ಸಾಲು ಓದು.”

ಗುರುಪಾದ ಕಣ್ಣು ಕಿರಿದು ಮಾಡಿ ಓದಿದ. “ಈ ದಿವಸ ಮಳೆ ಬಂತು.”

“ಈ ದಿವಸ ಮಳೆ ಬಂತು,” ಎಂದರು ದಾನಕ್ಕ. ಅವರ ಮುಖ ಅರಳಿತು.

ಅವನು ಟ್ಯಾಬ್ ಮುಚ್ಚಿ ಚೀಲಕ್ಕೆ ಹಾಕಿದ. ದಾನಕ್ಕ ಎದ್ದು ನಿಧಾನ ಅಡುಗೆಮನೆಯ ಕಡೆ ನಡೆದರು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸರಿಗೆ, “ಅಜ್ಜಾರ ಕಾಲದಾಗ ಒಂದಿನ ಮಳಿ ಬಂದಿತ್ತಂತ,” ಎಂದು ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಗುರುಪಾದ ಟ್ಯಾಬನ್ನು ಅಂಗಡಿಗೆ ವಾಪಸು ಒಯ್ದ. ಅಂಗಡಿಯವರು ತಕರಾರು ಮಾಡಲಿಲ್ಲ. ಹತ್ತು ದಿನದೊಳಗೆ ಬದಲಿ ಬೇರೆ ಯಾವುದನ್ನಾದರೂ ಆರಿಸಿಕೊಳ್ಳಿ ಎಂದರು. ಎಷ್ಟೋ ಬಗೆಯವು ಇದ್ದವು. ಅವನು ವಿಚಾರ ಮಾಡಿ ಬರುತ್ತೇನೆ ಎಂದು ಬರಿಗೈಯಲ್ಲಿ ಮರಳಿದ.

ವಿಚಾರ ಶುರುವಾಯಿತು.

ಒಂದು ಹಾಳೆಯ ಮೇಲೆ ಹದಿನಾಲ್ಕು ಟ್ಯಾಬ್‌ಗಳ ಹೆಸರು ಬರೆದ. ಫೋನಿನಲ್ಲಿ ಒಂದೊಂದರ ಬಗ್ಗೆ ಜನ ಹೇಳಿದ್ದನ್ನೆಲ್ಲ ಓದಿದ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ್ದ. ತೆಗಳಿದವನ ಮಾತೇ ಗುರುಪಾದನಿಗೆ ನಿಜ ಅನ್ನಿಸುತ್ತಿತ್ತು. ಒಂದೊಂದನ್ನೇ ಗೀಟು ಹಾಕಿ ಹೊಡೆದ.

ದಿನಾ ನಾಲ್ಕಕ್ಕೆ ದಾನಕ್ಕ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಗುರುಪಾದ ಪಕ್ಕದಲ್ಲೇ ಕುಳಿತು ಫೋನು ನೋಡುತ್ತಿದ್ದ. ಹೊಳೆ ಹರಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಇಬ್ಬರೂ ಎದ್ದು ಒಳಗೆ ಹೋಗುತ್ತಿದ್ದರು.

ಏಳನೆಯ ದಿನ ದಾನಕ್ಕ ಕೇಳಿದರು. “ಹದಿನಾಲ್ಕರಾಗ ಎಷ್ಟು ಉಳದಾವು?”

“ನಿನ್ನೆ ಎರಡು ಉಳಿದಿದ್ದುವ್ರಿ. ಇವತ್ತ ಮತ್ತ ಐದು ಸೇರ್ಯಾವು.”

“ಛಲೋ ಬೆಳಿ ಬಂದೈತಿ,” ಎಂದರು ದಾನಕ್ಕ.

ಗುರುಪಾದನಿಗೆ ನಗು ಬರಲಿಲ್ಲ. “ಅಕ್ಕಾರ, ನೀವು ನಲವತ್ತು ವರ್ಷ ಕಾದೀರಿ. ಎರಡನೇ ಸಲಾನೂ ನಾ ಹುಳುಕು ತಂದರ ನನಗ ನಾನ ಮುಖ ತೋರಸಾಕ ಆಗೂದಿಲ್ಲ. ನಿಮಗ ಓದಿ ಹೇಳೂ ಟ್ಯಾಬು ಎಲ್ಲಾಕ್ಕಿಂತ ಛಲೋದ ಇರಬೇಕು. ಯಾವುದು ಅಂತ ತಿಳಿಯವಲ್ದು. ನೀವ ಹೇಳ್ರಿ, ಹೆಂಗ ಆರಸಬೇಕು?”

ದಾನಕ್ಕ ಎದ್ದು ನಿಂತರು. ಕೆಳಗಿನ ಮೆಟ್ಟಿಲಿಗೆ ಕಾಲು ಚಾಚಿದರು. ಆ ಮೆಟ್ಟಿಲು ನೀರು ಕುಡಿದು ಜಾರುತ್ತಿತ್ತು.

ಗುರುಪಾದ ಥಟ್ಟನೆ ಅವರನ್ನು ಹಿಡಿದುಕೊಂಡ.

“ಯಾವ ಕೈಲೆ ಹಿಡದಿ?” ಎಂದು ಕೇಳಿದರು ದಾನಕ್ಕ.

ಅವನು ನೋಡಿಕೊಳ್ಳಬೇಕಾಯಿತು. “ಎಡಗೈಲೆ.”

“ಬಲಗೈ ಗಟ್ಟಿ ಇತ್ತಲ್ಲ?”

“ಆರಸಾಕ ವ್ಯಾಳೆ ಎಲ್ಲಿತ್ರಿ? ನೀವು ಬೀಳತಿದ್ರಿ.”

“ಬೀಳಲಿಲ್ಲ,” ಎಂದರು ದಾನಕ್ಕ. ಅವನ ಕೈ ಬಿಡದೆ ಮೇಲೆ ಬಂದು ಕುಳಿತರು.

ಗುರುಪಾದನಿಗೆ ಆ ಮಾತು ಅರ್ಥವಾಗಲಿಲ್ಲ. ಮತ್ತೆ ಫೋನು ತೆಗೆದ.

“ನಾಳೆ ನಾನೂ ಅಂಗಡಿಗೆ ಬರತೀನಿ,” ಎಂದರು ದಾನಕ್ಕ.

“ನಿಮಗ ಕಾಣೂದಿಲ್ಲಲ್ರಿ, ಅಕ್ಕಾರ.”

“ನೋಡಾಕ ನೀ ಇದ್ದೀಯಲ್ಲ. ನಾ ಕೇಳಾಕ ಬರತೀನಿ.”

ಮರುದಿನ ಇಬ್ಬರೂ ಬಸ್ಸು ಹತ್ತಿದರು. ದಾನಕ್ಕ ಕಿಟಕಿಯ ಪಕ್ಕ ಕುಳಿತು ಗಾಳಿಗೆ ಮುಖ ಒಡ್ಡಿದರು. ದಾರಿಯುದ್ದಕ್ಕೂ, “ಈಗ ಬೆಲ್ಲದ ಗಾಣ ಬಂತು,” “ಈಗ ಸಂತಿ,” ಎಂದು ವಾಸನೆಯ ಮೇಲೆ ಊರು ಹೇಳುತ್ತ ಬಂದರು. ಒಂದೂ ತಪ್ಪಲಿಲ್ಲ. ಗುರುಪಾದ ತೊಡೆಯ ಮೇಲೆ ಪಟ್ಟಿ ಬಿಡಿಸಿಕೊಂಡು ಕುಳಿತಿದ್ದ.

ಅಂಗಡಿ ನೋಡಿಕೊಳ್ಳುತ್ತಿದ್ದವಳು ಫರ್ಜಾನಾ ಎಂಬ ಹೆಂಗಸು. ದಾನಕ್ಕನಿಗೆ ಕುರ್ಚಿ ಕೊಟ್ಟು ನೀರು ಕೊಟ್ಟಳು.

“ಯಾವುದು ತೋರಸ್ಲಿ, ಅಮ್ಮಾ?”

“ಎಲ್ಲಾ ತೋರಸವ್ವ. ಅವನ ಹತ್ರ ಒಂದು ಕಾರ್ಡು ಐತಿ, ಅದರಾಗ ನಮ್ಮ ಗುರುಗಳ ಬರಹ ಐತಿ. ಒಂದೊಂದರಾಗ ಹಾಕಿ ಕೊಡು. ಅವ ಓದತಾನ.” ನಂತರ ಗುರುಪಾದನ ಕಡೆ ತಿರುಗಿ, “ಮಳಿ ಬಂದಲ್ಲಿಂದ ಓದು. ಒಂದರಾಗ ಎಲ್ಲಿ ನಿಲ್ಲಸತಿಯೋ, ಇನ್ನೊಂದರಾಗ ಅಲ್ಲಿಂದ ಮುಂದ,” ಎಂದರು.

ಫರ್ಜಾನಾ ಮೊದಲನೆಯ ಟ್ಯಾಬಿಗೆ ಕಾರ್ಡು ಹಾಕಿ ಕೊಟ್ಟಳು.

ಗುರುಪಾದ ಓದಿದ. “ಈ ದಿವಸ ಮಳೆ ಬಂತು. ಹೊಸದಾಗಿ ಬಂದ ಹುಡುಗಿಗೆ ಇವತ್ತು ಮೌನ ಕೊಟ್ಟೆ. ಹೊತ್ತು ಮುಳುಗುವ ತನಕ ಯಾವ ಮನುಷ್ಯರ ಜೋಡಿಯೂ ಮಾತಾಡಬಾರದು ಎಂದು ಹೇಳಿದೆ.”

ಅಲ್ಲಿಗೆ ನಿಲ್ಲಿಸಿ ಟ್ಯಾಬನ್ನು ಆಚೆ ಈಚೆ ಓರೆ ಮಾಡಿದ. “ಬಿಳುಪು ಕಣ್ಣಿಗೆ ಚುಚ್ಚತೈತಿ,” ಎಂದ.

“ಮುಂದ?” ಎಂದರು ದಾನಕ್ಕ. ಕುರ್ಚಿಯ ತುದಿಗೆ ಬಂದಿದ್ದರು.

ಫರ್ಜಾನಾ ಎರಡನೆಯದನ್ನು ಕೊಟ್ಟಳು.

“ಮಧ್ಯಾಹ್ನದ ತನಕ ಅವಳು ತುಟಿ ಬಿಚ್ಚಲಿಲ್ಲ. ನನಗೆ ಸಮಾಧಾನವಾಯಿತು. ಆಮೇಲೆ ಎಮ್ಮೆಯ ಕೊಟ್ಟಿಗೆಯಿಂದ...” ಗುರುಪಾದ ತಡೆದ. ಹಾಳೆಯ ಮೇಲೆ ಎರಡು ಸಲ ಬೆರಳಾಡಿಸಿದ. “ಇದನ್ನ ಒಂದ ಕೈಲೆ ಹಿಡಿಯಾಕ ಆಗೂದಿಲ್ಲ. ಭಾಳ ಭಾರ.”

“ಕೊಟ್ಟಿಗಿಯಿಂದ ಏನ್ರೀ?” ಎಂದು ಕೇಳಿದಳು ಫರ್ಜಾನಾ.

“ಏನು?”

“ಕೊಟ್ಟಿಗಿಯಿಂದ ಅಂದು ನಿಲ್ಲಸಿದ್ರಲ್ರೀ. ಏನಾತು ಕೊಟ್ಟಿಗ್ಯಾಗ?”

“ಅದು ಇನ್ನೂ ಓದಿಲ್ಲ. ಮೂರನೇದು ಕೊಡ್ರಿ.”

ಮೂರನೆಯದರ ಡಬ್ಬಿ ಬಿಚ್ಚಿದರೆ ಅದರಲ್ಲಿ ಚಾರ್ಜೇ ಇರಲಿಲ್ಲ. ಫರ್ಜಾನಾ ವೈರು ಸಿಕ್ಕಿಸಿದಳು. ಅವಳಿಗೆ ತಾಳ್ಮೆ ಸಾಲಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಒಂದು ಟ್ಯಾಬನ್ನು ತೆಗೆದು ಕಾರ್ಡು ಹಾಕಿ ಅವನ ಕೈಗೆ ಕೊಟ್ಟಳು.

“ಅದು ಚಾರ್ಜ್ ಆಗೂ ತನಕಾ ಇದರಾಗ ಓದ್ರಿ.”

ಗುರುಪಾದ ಓದಿದ.

“ಆಮೇಲೆ ಎಮ್ಮೆಯ ಕೊಟ್ಟಿಗೆಯಿಂದ ಪಿಸುಮಾತು ಕೇಳಿಸಿತು. ಹೋಗಿ ಗೋಡೆಯ ಹಿಂದೆ ನಿಂತೆ. ಹುಡುಗಿ ಎಮ್ಮೆಯ ಜೋಡಿ ಮಾತಾಡುತ್ತಿದ್ದಳು. ಯಾವ ಮನುಷ್ಯರ ಜೋಡಿಯೂ ಎಂದು ನಾನೇ ಹೇಳಿದ್ದೆ. ತಪ್ಪು ನನ್ನದು.”

ಫರ್ಜಾನಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಫೋನಿಗೆ ಗಾಜು ಹಾಕಿಸಲು ಬಂದಿದ್ದ ಒಬ್ಬ ಮಾಸ್ತರರು ಹತ್ತಿರ ಬಂದು ನಿಂತರು. ಗುರುಪಾದ ತಲೆ ಎತ್ತಲಿಲ್ಲ.

“ಅವಳು ಎಮ್ಮೆಗೆ ಎಲ್ಲ ಹೇಳಿದಳು. ಆಶ್ರಮದ ಸಾರು ನೀರು ನೀರು ಎಂದಳು. ಮುದುಕ ಒಳ್ಳೆಯವನೇ, ಆದರೆ ಗೊರಕೆ ಹೊಡೆಯುತ್ತಾನೆ ಎಂದಳು. ನನಗೆ ಅದು ಗೊತ್ತಿರಲಿಲ್ಲ.”

ಈಗ ಗುರುಪಾದನೂ ನಕ್ಕ. ಓದುವುದು ನಿಲ್ಲಲಿಲ್ಲ.

“ನಾನು ನಗು ತಡೆದು ಹೊರಡುವವನಿದ್ದೆ. ಅಷ್ಟರಲ್ಲಿ ಅವಳು ಹೇಳಿದಳು, ನಾನು ದೇವರಿಗಾಗಿ ಬಂದೆ ಎಂದು ಮುದುಕನಿಗೆ ಸುಳ್ಳು ಹೇಳಿದ್ದೇನೆ. ಅವ್ವ ಸತ್ತ ಮೇಲೆ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರೇ ಇಲ್ಲ. ನೀರು ತಾ, ಕಸ ಹೊಡಿ ಅನ್ನುತ್ತಾರೆ. ಹೆಸರು ಅನ್ನುವುದಿಲ್ಲ. ಅದಕ್ಕೆ ಬಂದೆ.”

ಗುರುಪಾದನ ಬೆರಳು ತಾನಾಗಿ ಹಾಳೆ ಸರಿಸಿತು.

“ನಾನೂ ಅವಳನ್ನು ಇಷ್ಟು ದಿನ ಏ ಹುಡುಗಿ ಎಂದೇ ಕರೆದಿದ್ದೆ. ನಾಳೆಯಿಂದ ಹೆಸರು ಹಿಡಿದು ಕರೆಯಬೇಕು. ದಿನಕ್ಕೆ ಹತ್ತು ಸಲವಾದರೂ. ಕೆಲಸ ಇರಲಿ, ಇಲ್ಲದೆ ಇರಲಿ. ಕೇಳಿಸಿಕೊಂಡದ್ದನ್ನು ಅವಳಿಗೆ ಹೇಳಬಾರದು. ಮರೆಯದಂತೆ ಇಲ್ಲಿ ಬರೆದಿಡುತ್ತೇನೆ. ಅವಳ ಹೆಸರು...”

ಗುರುಪಾದ ಆ ಅಕ್ಷರಗಳನ್ನು ಇನ್ನೊಮ್ಮೆ ನೋಡಿದ.

“ಅವಳ ಹೆಸರು ದಾನವ್ವ.”

ಅವನು ತಲೆ ಎತ್ತಿ ದಾನಕ್ಕನನ್ನು ನೋಡಿದ.

ದಾನಕ್ಕ ನಗುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಇಪ್ಪತ್ತೆರಡು ವರ್ಷ,” ಎಂದರು. “ಇಪ್ಪತ್ತೆರಡು ವರ್ಷ, ಇರೂ ತನಕಾ ಕರದ್ರು. ದಾನೀ, ದಾನೀ ಅಂತ. ಹೊಳ್ಯಾಗ ಅರಿವಿ ಒಗಿಯೂದು ಬಿಟ್ಟು ಓಡಿ ಬರತಿದ್ದೆ. ಏನ್ರಿ ಅಜ್ಜಾರ ಅಂದ್ರ, ಏನಿಲ್ಲ, ಹೋಗು ಅಂತಿದ್ರು. ಅಜ್ಜಾರಿಗೆ ಮರವು ಅಂತ ತಿಳದಿದ್ದೆ. ಪಾಪ ಮುದುಕ, ಯಾಕ ಕರದೆ ಅನ್ನೂದ ಮರೀತಾನ ಅಂತಿದ್ದೆ.”

“ಎಮ್ಮಿ ಹೇಳಿರಲಿಲ್ಲೇನ್ರಿ?” ಎಂದಳು ಫರ್ಜಾನಾ, ಮೂಗು ಒರೆಸಿಕೊಳ್ಳುತ್ತ.

“ಅದು ನನಗಿಂತ ಛಲೋ ಮೌನ ಮಾಡಿತ್ತವ್ವ.”

ಎಲ್ಲರೂ ನಕ್ಕರು. ಮಾಸ್ತರರು ತಮ್ಮ ಫೋನು ಸಿದ್ಧವಾಗಿದ್ದರೂ ಹೋಗದೆ, “ಇನ್ನೂ ಎಷ್ಟು ಹಾಳಿ ಐತ್ರಿ?” ಎಂದು ಕೇಳಿದರು.

“ಒಂಬೈನೂರು,” ಎಂದ ಗುರುಪಾದ. ಹೇಳುವಾಗ ಅವನಿಗೇ ಎದೆ ತುಂಬಿ ಬಂತು. ಎಂಟು ದಿನ ಅಕ್ಕನ ಪಕ್ಕದಲ್ಲೇ ಕುಳಿತು ಈ ಒಂದು ಹಾಳೆಯನ್ನೂ ಓದಿರಲಿಲ್ಲ ಎಂಬುದು ಆಗ ಹೊಳೆಯಿತು. ಬಗ್ಗಿ ದಾನಕ್ಕನ ಪಾದ ಮುಟ್ಟಿದ. ದಾನಕ್ಕ ಅವನ ತಲೆಯ ಮೇಲೆ ಕೈಯಿಟ್ಟರು.

ಫರ್ಜಾನಾ ಸುಧಾರಿಸಿಕೊಂಡು ಅಂಗಡಿಯವಳಾದಳು.

“ನಿಮ್ಮ ಕೈಯಾಗ ಇರೂದು ನಾವು ದಿನಾ ಬಿಲ್ ಮಾಡೂದ್ರಿ. ಇಂಥಾದ ಹೊಸಾದು ಒಳಗೈತಿ. ಅದನ್ನ ತರಲೇನು? ಇಲ್ಲಾ ಮೂರನೇದು ಚಾರ್ಜ್ ಆಗಿರಬೇಕು, ಅದನ್ನ ನೋಡತೀರೇನು?”

ಗುರುಪಾದ ಕೈಯಲ್ಲಿದ್ದ ಟ್ಯಾಬನ್ನು ಮೊದಲ ಸಲ ಎಂಬಂತೆ ತಿರುಗಿಸಿ ನೋಡಿದ. ಅಂಚಿನಲ್ಲಿ ಸಣ್ಣ ಗೀರು ಇತ್ತು. ಹಿಂದೆ ಯಾರೋ ಅಂಟಿಸಿದ ಗುಲಾಬಿ ಹೂವಿನ ಚಿತ್ರ ಇತ್ತು.

“ಅಕ್ಕಾರ,” ಎಂದ ನಾಚಿಕೆಯಿಂದ, “ಇದರ ಬೆಳಕು ಹೆಂಗಿತ್ತು, ಭಾರ ಎಷ್ಟಿತ್ತು, ಹಾಳಿ ಲಗೂನ ಸರೀತೋ ಇಲ್ಲೋ, ನಾ ಒಂದೂ ನೋಡ್ಲಿಲ್ಲ. ಇನ್ನೊಮ್ಮೆ ನೋಡಲೇನ್ರಿ?”

ದಾನಕ್ಕ ಕೋಲು ಊರಿ ಎದ್ದರು.

“ನೀ ನೋಡೂದು ಮರತದ್ದು ಇದೊಂದ,” ಎಂದರು. “ಇದನ್ನ ಕಟ್ಟಸು.”