ಬಾಣಂತಿ ಹಸುಗಳ ಗಂಡನ ಮನೆ

ಕಲ್ಲೇಗೌಡರ ಹೋರಿ ನೋಡೋಕೆ ಆನೆಮರಿ. ಬೆಲ್ಲ, ಬೆಣ್ಣೆ ತಿಂದು ಮಲಗುತ್ತಿತ್ತು, ಅಷ್ಟೇ. ಹೋದ ವರ್ಷ ದನದ ಡಾಕ್ಟರು ಪರೀಕ್ಷೆ ಮಾಡಿ, "ಇದರ ಬೀಜದಲ್ಲಿ ಸತ್ವವಿಲ್ಲ" ಎಂದು ಬರೆದುಕೊಟ್ಟಿದ್ದರು. ಗೌಡರು ಆ ಚೀಟಿಯನ್ನು ಅವರೆದುರೇ ಹರಿದು ಹಾಕಿದ್ದರು.

ಈ ವರ್ಷ ಊರಲ್ಲಿ ಮೂವತ್ತು ಕರು ಹುಟ್ಟಿದವು. ಗೌಡರು ಮೀಸೆ ತಿರುವಿದರು. "ಎಲ್ಲಾ ಕರುಗಳಿಗೂ ನಮ್ಮ ಹೋರಿಯೇ ಅಪ್ಪ. ಮನೆಗೊಂದು ಚೀಲ ಹುರುಳಿ ತಂದು ಹಾಕಿ. ಗೋಮಾಳಕ್ಕೆ ಹೋಗುವ ದಾರಿ ನನ್ನ ಹೊಲದಲ್ಲಿದೆ, ನೆನಪಿರಲಿ!"

ಜನ ತಲೆ ಮೇಲೆ ಕೈ ಹೊತ್ತು ಕೂತರು. ಊರ ದನ ಕಾಯುವ ಸಣ್ಣೀರಮ್ಮ ಮಾತ್ರ ನಕ್ಕಳು. ಕರುಗಳ ಅಪ್ಪ ಅವಳದೇ ಕುಂಟು ಹೋರಿ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗೌಡರು ಬಾಗಿಲು ತೆಗೆದರೆ ಅಂಗಳದ ತುಂಬ ಹಸು, ಕರು. ಹುಲ್ಲಿನ ಬಣವೆ ಆಗಲೇ ಅರ್ಧ ಕರಗಿತ್ತು. ಬೇಲಿಯಾಚೆ ಊರೇ ನೆರೆದಿತ್ತು.

"ಏನೇ ಇದು?"

"ನಿಮ್ಮ ಸೊಸೇರು, ಗೌಡ್ರೇ," ಸಣ್ಣೀರಮ್ಮ ಕೈ ಮುಗಿದಳು. "ತವರಿನೋರು ಬಾಣಂತನ ಮುಗಿಸವ್ರೆ. ಮೂರು ತಿಂಗಳಾದ್ರೂ ಗಂಡನ ಮನೆಯೋರು ಕರಕೊಂಡು ಹೋಗೋಕೆ ಬರ್ಲಿಲ್ಲ. ಅದಕ್ಕೇ ನಾನೇ ತಂದುಬಿಟ್ಟೆ. ಇನ್ನು ಅರವತ್ತು ಬಾಯಿಗೂ ಮೇವು ನಿಮ್ಮದು. ಹಾಲಿಗೆ ಮಾತ್ರ ಕೈ ಹಾಕಬೇಡಿ, ಅದು ನಿಮ್ಮ ಮೊಮ್ಮಕ್ಕಳ ಪಾಲು."

ಗೌಡರು ಚಪ್ಪಲಿಯನ್ನೂ ಮೆಟ್ಟದೆ ಡಾಕ್ಟರ ಬಳಿಗೆ ಓಡಿದರು.

"ಸ್ವಾಮೀ, ಹೋದ ವರ್ಷದ ಚೀಟಿ ಇನ್ನೊಂದು ಸಲ ಬರೆದುಕೊಡಿ. ದಪ್ಪಕ್ಷರದಲ್ಲಿ ಬರೀರಿ. ನಮ್ಮ ಹೋರಿ ಬ್ರಹ್ಮಚಾರಿ ಅಂತ ಊರಿಗೆಲ್ಲ ಗೊತ್ತಾಗಬೇಕು!"

ಚೀಟಿ ಗೌಡರ ಬಾಗಿಲಿಗೇ ಅಂಟಿತು. ಸಣ್ಣೀರಮ್ಮ ಕೋಲು ಎತ್ತಿದಳು.

"ನಡೀರವ್ವಾ, ಮನೆ ತಪ್ಪಿ ಬಂದ್ವಿ. ನಿಮ್ಮ ಗಂಡ ನಮ್ಮ ಕೊಟ್ಟಿಗೇಲಿ ಕುಂಟ್ತಾ ಕಾಯ್ತಾವ್ನೆ."